ಅಡುಗೆಮನೆ ಕಿಟಕಿಗೊಂದು ದುರ್ಬೀನು: ಮಳೆಗಾಲ ದಾಟಿದ 8×42 ಹೇಗಿದೆ?

ಬೈನಾಕ್ಯುಲರ್ ತಗೊಳ್ಳಬೇಕಾ ಬೇಡವಾ ಅಂತ ಕೇಳುವವರಿಗೆ ನೇರವಾಗಿ ಹೇಳಿಬಿಡುತ್ತೇನೆ. ತಗೊಳ್ಳಿ. ಆದರೆ ಅದನ್ನು ಡಬ್ಬದಲ್ಲಿ ಹಾಕಿ ಬೀರುವಿನ ಮೇಲಿನ ಖಾನೆಯಲ್ಲಿ ಇಡುವವರಾದರೆ ಬೇಡವೇ ಬೇಡ. ಆ ದುಡ್ಡಿಗೆ ಒಳ್ಳೆ ರೇನ್‌ಕೋಟ್ ಬರುತ್ತದೆ, ಅದಾದರೂ ನಮ್ಮ ಊರಲ್ಲಿ ದಿನಾ ಉಪಯೋಗಕ್ಕೆ ಬರುತ್ತದೆ.

ನನ್ನದು 8×42, ಹತ್ತು ಸಾವಿರದ ಆಸುಪಾಸಿನ ಮಾಲು. ಕಂಪನಿ ಹೆಸರು ಬರೆಯುವುದಿಲ್ಲ. ಈ ರೇಟಿನಲ್ಲಿ ಸಿಗುವುದೆಲ್ಲ ಹೆಚ್ಚುಕಮ್ಮಿ ಒಂದೇ ಥರ, ಹೆಸರು ಬರೆದರೆ ಉಳಿದದ್ದನ್ನು ಯಾರೂ ಓದದೆ ಲಿಂಕ್ ಮಾತ್ರ ಕೇಳುತ್ತಾರೆ.

"ಶಿವಮೊಗ್ಗದಲ್ಲಿದ್ದೀರಿ, ಸುತ್ತ ಕಾಡು, ಪುಣ್ಯವಂತರಪ್ಪಾ" ಅಂತ ಬೆಂಗಳೂರಿನ ನೆಂಟರು ಹೇಳುತ್ತಲೇ ಇರುತ್ತಾರೆ. ನಿಜ ಹೇಳಬೇಕೆಂದರೆ ಜೋಗ, ಆಗುಂಬೆಯನ್ನು ನಮಗಿಂತ ಜಾಸ್ತಿ ನೋಡಿದವರು ಅವರೇ. ನಾವು ಅಲ್ಲಿಗೆ ಹೋಗುವುದು ಅವರು ಬಂದಾಗ, ಕಾರಿಗೆ ದಾರಿ ತೋರಿಸಲು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸೀಸನ್ ಶುರುವಾದರೆ ಭಾನುವಾರ ಬಂದದ್ದೂ ಗೊತ್ತಾಗುವುದಿಲ್ಲ, ಮನೆಗೆ ಬಂದರೆ ಮಗಳ ಹೋಂವರ್ಕ್, ಅತ್ತೆಯ ಮಾತ್ರೆ, ನಾಳೆಯ ದೋಸೆಗೆ ಅಕ್ಕಿ ನೆನೆಹಾಕುವುದು. ಹೀಗಿರುವಾಗ ಪ್ರಕೃತಿಗೆ ಸಮಯ ಕೊಡಿ ಅಂತ ಯಾರಾದರೂ ಹೇಳಿದರೆ ಸಿಟ್ಟೇ ಬರುತ್ತದೆ, ಎಲ್ಲಿಂದ ತಂದು ಕೊಡೋದು?

ಅದಕ್ಕೇ ಈ ದುರ್ಬೀನಿನ ವಿಷಯದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆ ಕೆಲಸ ಅಂದರೆ ಅಡುಗೆಮನೆ ಕಿಟಕಿ ಪಕ್ಕ ಮೊಳೆ ಹೊಡೆದು ಅಲ್ಲಿ ನೇತುಹಾಕಿದ್ದು. ಪಕ್ಕದ್ದು ಖಾಲಿ ಸೈಟು. ಅಲ್ಲಿ ಒಂದು ಹೊಂಗೆ ಮರ, ಅರ್ಧ ಒಣಗಿದ ನುಗ್ಗೆ, ಮೇಲೆ ಕರೆಂಟಿನ ತಂತಿ. ಹಾಲು ಉಕ್ಕುವವರೆಗೆ ಹೇಗೂ ಒಲೆ ಮುಂದೆ ನಿಂತಿರಲೇಬೇಕು. ಮೊದಲು ಆ ಹೊತ್ತಿನಲ್ಲಿ ಫೋನ್ ನೋಡುತ್ತಿದ್ದೆ. ಈಗ ಕೈ ಮೊಳೆಗೆ ಹೋಗುತ್ತದೆ, ಅಷ್ಟೇ. ದಿನದಲ್ಲಿ ಹೊಸದಾಗಿ ಐದು ನಿಮಿಷವನ್ನೂ ಹುಡುಕಿಲ್ಲ.

ಏನು ಕಂಡಿತು ಅಂತ ಕೇಳಿದರೆ ಹುಲಿ ಚಿರತೆ ಏನಿಲ್ಲ. ಆ ಒಣ ನುಗ್ಗೆ ಕೊಂಬೆಯಲ್ಲಿ ಒಂದು ಕುಟ್ರ ಹಕ್ಕಿ ಗೂಡು ಕೊರೆಯಿತು. ಅದರ ಕೂಗನ್ನು ಎಲ್ಲರೂ ಕೇಳಿರುತ್ತೀರಿ, ಬೇಸಿಗೆಯಲ್ಲಿ ಕುಟ್ರೂ ಕುಟ್ರೂ ಅಂತ ಬಿಡದೆ ಕೂಗುತ್ತದಲ್ಲ, ಅದೇ. ಬರಿಗಣ್ಣಿಗೆ ಅದು ಎಲೆ ಬಣ್ಣದ ಒಂದು ಮುದ್ದೆ. ದುರ್ಬೀನಿನಲ್ಲಿ ನೋಡಿದರೆ ಕೊಕ್ಕಿನ ಬುಡದಲ್ಲಿ ಮೀಸೆ ಥರ ಬಿರುಸು ಕೂದಲು, ಕಣ್ಣಿನ ಕೆಳಗೆ ಬಿಳಿ ಪಟ್ಟೆ. ತೂತಿನೊಳಗೆ ತಲೆ ಹಾಕಿ ಕುಟ್ಟುತ್ತದೆ, ಆಮೇಲೆ ಬಾಯಿ ತುಂಬ ಮರದ ಪುಡಿ ತಂದು ತಲೆ ಕೊಡವಿ ಉದುರಿಸುತ್ತದೆ, ಮತ್ತೆ ಒಳಗೆ. ಇಷ್ಟು ವರ್ಷ ಅದೇ ಕಿಟಕಿಯಲ್ಲಿ ನಿಂತು ಕೂಗು ಮಾತ್ರ ಕೇಳಿದ್ದೆ. ಮಗಳು ಈಗ ಹಲ್ಲುಜ್ಜುತ್ತಾ ಬಂದು "ಇವತ್ತು ಎಷ್ಟು ಒಳಗೆ ಹೋಯ್ತಮ್ಮಾ?" ಅಂತ ಕೇಳುತ್ತಾಳೆ, ಕೊರೆಯುವ ಕಂಟ್ರಾಕ್ಟು ನಾನೇ ಕೊಟ್ಟವಳ ಹಾಗೆ.

ಇಷ್ಟು ಚೂರುಪಾರು ಹೊತ್ತಿನಿಂದ ಏನು ಪ್ರಯೋಜನ ಅಂತ ನಮ್ಮ ಮನೆಯವರು ಕೇಳಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಫೋನ್ ಆ್ಯಪ್ ಮೂಲಕ ಸುಮಾರು 1,300 ಜನರನ್ನು ದಿನಕ್ಕೆ ಕೆಲವು ಸಲ ವಿಚಾರಿಸಿ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಹಕ್ಕಿ ಕಂಡಾಗ ಅಥವಾ ಅದರ ದನಿ ಕೇಳಿದಾಗ ಮನಸ್ಸು ಹಗುರ ಇತ್ತು, ಅದು ಎಂಟು ಗಂಟೆವರೆಗೂ ಉಳಿದದ್ದುಂಟು, ಖಿನ್ನತೆ ಇದ್ದವರಲ್ಲೂ ಹಾಗೇ ಕಂಡಿತು ಅಂತ ಅದರಲ್ಲಿದೆ. ಎಂಟು ಗಂಟೆ ಅಂದರೆ ಮಂಡಿಯ ಒಂದು ದಿನ! ನನಗೆ ಅಷ್ಟು ಹೊತ್ತು ಉಳಿಯುವುದಿಲ್ಲ, ಗಾಂಧಿ ಬಜಾರಿನ ಟ್ರಾಫಿಕ್ಕಿನಲ್ಲೇ ಇಳಿದುಹೋಗುತ್ತದೆ. ಆದರೂ ಅಲ್ಲಿವರೆಗೆ ಇರುತ್ತದಲ್ಲ.

ಇನ್ನು ವಸ್ತುವಿನ ವಿಷಯ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯಲ್ಲಿ ಎಲ್ಲರೂ ಮೊದಲನೇ ಅಂಕಿ ದೊಡ್ಡದಿರಲಿ ಅಂತಾರೆ. ಬೇಡ. ಹತ್ತು ಪಟ್ಟು ಹತ್ತಿರ ಬಂದರೆ ಕೈ ನಡುಕವೂ ಹತ್ತು ಪಟ್ಟು ಆಗುತ್ತದೆ, ಕಾಣುವ ಜಾಗವೂ ಕಿರಿದಾಗುತ್ತದೆ, ಎಲೆ ಮರೆಯಲ್ಲಿ ಹಾರಾಡುವ ಸೂರಕ್ಕಿಯನ್ನು ಹುಡುಕುವುದರಲ್ಲೇ ಅದು ಹೋಗಿರುತ್ತದೆ. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ ನೋಡಿ. ನನ್ನದರಲ್ಲಿ 5.25 ಮಿ.ಮೀ. ಬರುತ್ತದೆ, ಕಣ್ಣಿಗೆ ಬೀಳುವ ಬೆಳಕಿನ ಕಂತೆಯ ಅಗಲ ಅಷ್ಟು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚುಕಮ್ಮಿ ಅಷ್ಟೇ ಅರಳುವುದು. ಆಷಾಢದಲ್ಲಿ ನಮ್ಮಲ್ಲಿ ಬೆಳಿಗ್ಗೆ ಎಂಟು ಗಂಟೆಗೂ ಲೈಟ್ ಹಾಕುತ್ತೇವಲ್ವಾ, ಅಂಥ ಬೆಳಕಿನಲ್ಲೂ ಇದರಲ್ಲಿ ಬಣ್ಣ ಕಾಣುತ್ತದೆ. ಜೇಬಿಗೆ ಹಿಡಿಯುವ 8×21ರಲ್ಲಿ ಹಕ್ಕಿಯ ಆಕಾರ ಕಂಡರೆ ಪುಣ್ಯ.

ಜಾತ್ರೆಯಲ್ಲೂ ಆನ್‌ಲೈನಲ್ಲೂ ಒಂದು ಮಾಲು ಮಾರುತ್ತಾರೆ, ಮುಂದಿನ ಗಾಜು ಕೆಂಪಗೆ ಮಾಣಿಕ್ಯದ ಥರ ಹೊಳೆಯುತ್ತದೆ, ಮೇಲೆ ನೂರು ಪಟ್ಟು ಅಂತೆಲ್ಲ ಬರೆದಿರುತ್ತದೆ. ಆ ಕೆಂಪು ಲೇಪ ಬೆಳಕಿನಲ್ಲಿರುವ ಕೆಂಪನ್ನೇ ವಾಪಸ್ ಕಳಿಸಿಬಿಡುತ್ತದೆ, ನಮ್ಮ ಕಣ್ಣಿಗೆ ಬರುವುದು ಹಸಿರು ಹಸಿರಾದ ಮಂಕು ಚಿತ್ರ. ಮಕ್ಕಳ ಆಟಕ್ಕೆ ಸರಿ.

ಕೊಂಡ ದಿನ ಎಲ್ಲರೂ ತಲೆನೋವು ಬರ್ತಿದೆ ಅಂತ ದೂರುತ್ತಾರೆ. ಬಲಗಣ್ಣಿನ ಬದಿ ಒಂದು ಸಣ್ಣ ಬಳೆ ಇರುತ್ತದೆ, ಅದನ್ನು ಯಾರೂ ಮುಟ್ಟಿರುವುದಿಲ್ಲ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ದೂರದ ಒಂದು ಬೋರ್ಡು ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ ಆ ಬಳೆಯನ್ನು ತಿರುಗಿಸಿ ಅದೇ ಬೋರ್ಡು ಸ್ಪಷ್ಟ ಮಾಡಿ. ಮುಗಿಯಿತು, ನಿಮ್ಮ ಮಟ್ಟಿಗೆ ಅದು ಮತ್ತೆ ಬದಲಾಗುವುದಿಲ್ಲ. ಮನೆಯಲ್ಲಿ ಇನ್ನೊಬ್ಬರು ನೋಡಿದರೆ ಬದಲಾಗುತ್ತದೆ. ನನ್ನ ಗುರುತಿಗೆ ಬಿಳಿ ನೈಲ್‌ಪಾಲಿಶ್ ಚುಕ್ಕಿ, ನಮ್ಮ ಮನೆಯವರದ್ದಕ್ಕೆ ಕೆಂಪು ಚುಕ್ಕಿ ಇಟ್ಟ ಮೇಲೆ ಜಗಳ ನಿಂತಿದೆ. ಕನ್ನಡಕದವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಕೆಳಗೆ ಇಳಿಸಿಕೊಳ್ಳಬೇಕು. ಕೊಳ್ಳುವಾಗ ಐ ರಿಲೀಫ್, ಅಂದರೆ ಗಾಜಿನಿಂದ ಕಣ್ಣು ಎಷ್ಟು ದೂರ ಇದ್ದರೂ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವ ಅಳತೆ, 15 ಮಿ.ಮೀ.ಗಿಂತ ಕಮ್ಮಿ ಇದ್ದರೆ ಬಿಡಿ.

ಈಗ ನಮ್ಮ ಊರಿನ ನಿಜವಾದ ಪರೀಕ್ಷೆ, ಮಳೆ. ನನ್ನದರ ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದಾರೆ, ಹಾಗಾಗಿ ಒಳಗೆ ಆವಿ ಕಟ್ಟುವುದಿಲ್ಲ, ತೊಯ್ದರೂ ಚಿಂತೆ ಇಲ್ಲ. ಮಲೆನಾಡಿನವರು ಈ ಒಂದು ವಿಷಯದಲ್ಲಿ ದುಡ್ಡು ಉಳಿಸಲು ಹೋಗಬೇಡಿ, ಸೀಲ್ ಇಲ್ಲದ್ದು ಇಲ್ಲಿ ಬಾಳುವುದಿಲ್ಲ. ಆದರೆ ಸೀಲ್ ಇದ್ದರೂ ಹೊರಗಿನ ಗಾಜಿಗೆ ಬೂಸ್ಟು ಬರಬಹುದು. ಚಪ್ಪಲಿಗೆ ಬೆಲ್ಟಿಗೆ ಬರುವ ಬೂಸ್ಟೇ. ಗಾಳಿಯ ತೇವ ಶೇ 70 ದಾಟಿ ವಾರಗಟ್ಟಲೆ ಹಾಗೇ ನಿಂತರೆ ಗಾಜಿನ ಮೇಲೆ ಜೇಡರ ಬಲೆ ಥರ ಎಳೆ ಹಬ್ಬುತ್ತದೆ, ಅದು ಬಿಡುವ ಆಮ್ಲ ಲೇಪವನ್ನೇ ತಿನ್ನುತ್ತದೆ, ಒರೆಸಿದರೂ ಕಲೆ ಹೋಗುವುದಿಲ್ಲ. ಕಂಪನಿಯವರು ಕೊಡುವ ಬಟ್ಟೆ ಚೀಲವಂತೂ ತೇವ ಹೀರಿಕೊಂಡು ಕೂತಿರುತ್ತದೆ, ಮಳೆಗಾಲದಲ್ಲಿ ಅದರೊಳಗೆ ಹಾಕಲೇಬೇಡಿ.

ಇಲ್ಲೇ ನನ್ನ ಮೊಳೆಯ ಉಪಾಯಕ್ಕೆ ಪೆಟ್ಟು ಬಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತುಹಾಕುವ ಹಾಗಿಲ್ಲ, ಅದೂ ಅನ್ನದ ಆವಿ ಏಳುವ ಅಡುಗೆಮನೆಯಲ್ಲಿ. ಬೀರುವಿಗೆ ಹೋದರೆ ಕಥೆ ಮುಗಿಯಿತು. ಕೊನೆಗೆ ಕ್ಲಿಪ್ ಹಾಕಿ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ ತಂದು, ಅಡಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದೇ ಕಿಟಕಿಯ ಕೆಳಗೆ ಉಪ್ಪಿನಕಾಯಿ ಭರಣಿ ಪಕ್ಕ ಇಟ್ಟೆ. ಮುಚ್ಚಳ ತೆಗೆಯುವ ಎರಡು ಸೆಕೆಂಡು ಜಾಸ್ತಿ. ಸಿಲಿಕಾ ಜೆಲ್ ನೀಲಿ ಇದ್ದದ್ದು ತೇವ ಕುಡಿದು ಗುಲಾಬಿ ಆಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ. ಆದರೆ ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ದೋಸೆ ಕಾವಲಿ ಮೇಲೆ ಹಾಕಬೇಡಿ, ಬೇರೆ ಹಳೆ ಪಾತ್ರೆ ಇಟ್ಟುಕೊಳ್ಳಿ. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದೇ ಒಳ್ಳೆಯದು. ಗಾಜು ಒರೆಸುವ ಮೊದಲು ಊದಿ ಧೂಳು ತೆಗೆಯಿರಿ, ಪಂಚೆ ಅಂಚು ಸೀರೆ ಸೆರಗು ಹತ್ತಿರ ತರಬೇಡಿ. ಇಷ್ಟು ಮಾಡಿದ್ದಕ್ಕೆ ಗಾಜು ಇವತ್ತಿಗೂ ಸ್ವಚ್ಛ ಇದೆ.

ತಕರಾರೂ ಇದೆ. ಜೊತೆಗೆ ಬಂದ ಪಟ್ಟಿ ಕತ್ತು ಕೊಯ್ಯುತ್ತದೆ. ವಸ್ತು ಮುಕ್ಕಾಲು ಕೇಜಿ ಹತ್ತಿರ, ಅರ್ಧ ಗಂಟೆ ನೇತುಹಾಕಿಕೊಂಡರೆ ಕುತ್ತಿಗೆ ಹಿಡಿಯುತ್ತದೆ, ಬೇರೆ ಅಗಲದ ಪಟ್ಟಿ ಕೊಳ್ಳಲೇಬೇಕಾಯಿತು. ಮುಂದಿನ ಗಾಜಿನ ಮುಚ್ಚಳಗಳು ಸಡಿಲ, ಒಂದು ಆಗಲೇ ಹೊಳೆ ಪಾಲಾಗಿದೆ.

ಹೊಳೆ ಅಂದರೆ ಮಂಡಗದ್ದೆಯಲ್ಲಿ. ತೀರ್ಥಹಳ್ಳಿ ಕಡೆ ಊರಿಗೆ ಹೋಗುವಾಗ ಶಿವಮೊಗ್ಗದಿಂದ ಸುಮಾರು 30 ಕಿ.ಮೀ., ರಸ್ತೆ ಪಕ್ಕದಲ್ಲೇ ಇದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಮುಂಚೆ ಬಸ್ಸಿನ ಕಿಟಕಿಯಿಂದ ಮರಕ್ಕೆ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು, ಅಷ್ಟೇ. ಈಗ ಗಾಡಿ ನಿಲ್ಲಿಸಿ ಹತ್ತು ನಿಮಿಷ ನೋಡಿ ಮುಂದೆ ಹೋಗುತ್ತೇವೆ. ತಾಯಿ ಕೊಕ್ಕಿಗೆ ಮರಿ ಕೊಕ್ಕು ಹಾಕಿ ಎಳೆಯುವುದನ್ನು ಒಮ್ಮೆ ನೋಡಿ, ಮಕ್ಕಳ ಊಟದ ಹಟ ಏನೇನೂ ಅಲ್ಲ ಅನ್ನಿಸುತ್ತದೆ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ಮೇಲೆ ಕಾಣುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಸೇರುತ್ತವೆ. ಅವು ಮೊಟ್ಟೆ ಇಡುವುದು ನೆಲದ ಮೇಲೆ, ನಾವು ಹತ್ತಿರ ಹೋಗಲೇಬಾರದು. ದೂರದಿಂದ ನೋಡಲು ಇದಕ್ಕಿಂತ ಒಳ್ಳೆ ಸಾಧನ ಇಲ್ಲ.

ಊರಲ್ಲಿ ಅಮ್ಮನ ಕೈಗೆ ಕೊಟ್ಟೆ, ಮಂಗಟ್ಟೆ ಹಕ್ಕಿ ತೋರಿಸೋಣ ಅಂತ. ಅಮ್ಮ ಹಕ್ಕಿಯನ್ನು ಅರೆಗಳಿಗೆ ನೋಡಿ, ದುರ್ಬೀನನ್ನು ಸೀದಾ ತೋಟದ ಕಡೆ ತಿರುಗಿಸಿದರು. "ಆ ಮೂರನೇ ಮರದ ಅಡಿಕೆಗೊನೆಗೆ ಕೊಳೆ ಹತ್ತಿದೆ ಕಣೇ, ತೊಟ್ಟಿನ ಹತ್ತಿರ ನೀರುಗಲೆ ಕಾಣ್ತಿದೆ ನೋಡು." ಕೊಳೆಗೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವ ಕೊನೆಗೌಡ ಎರಡನೇ ಸಲ ಯಾವಾಗ ಬರಬೇಕು ಅಂತ ಅಮ್ಮ ಈಗ ಅಂಗಳದಲ್ಲಿ ನಿಂತೇ ತೀರ್ಮಾನ ಮಾಡುತ್ತಾರೆ. ಪಕ್ಕದ ತೋಟದ ಗೊನೆಗಳನ್ನೂ ಎಣಿಸುತ್ತಾರೆ, ಅದು ಬೇರೆ ಮಾತು. ವಾಪಸ್ ತರುವಾಗ "ಇದನ್ನ ಇಲ್ಲೇ ಬಿಟ್ಟು ಹೋಗು" ಅಂದರು. ಅಡಿಕೆ ಬೆಳೆಗಾರರಿಗೆ ಹಕ್ಕಿ ಬೇಡವಾದರೂ ಈ ಕೆಲಸಕ್ಕೇ ಇದು ಸಾಕು.

ರಾತ್ರಿ ಕರೆಂಟ್ ಹೋದಾಗಲೂ ಉಪಯೋಗ ಉಂಟು. ಚಂದ್ರನ ಮೇಲಿನ ಕುಳಿಗಳು ಚೆನ್ನಾಗಿ ಕಾಣುತ್ತವೆ. ಮೊಣಕೈಯನ್ನು ತಾರಸಿಯ ಗೋಡೆಗೆ ಊರಿ ಹಿಡಿದರೆ ಗುರುವಿನ ಪಕ್ಕ ಚುಕ್ಕಿಗಳು ಸಾಲಾಗಿ ಕಾಣುತ್ತವೆ, 1610ರಲ್ಲಿ ಗೆಲಿಲಿಯೋ ಕಂಡ ಅವೇ ಉಪಗ್ರಹಗಳು. ಒಂದು ಎಚ್ಚರ, ಹಗಲಲ್ಲಿ ಮಕ್ಕಳು ಇದನ್ನು ಸೂರ್ಯನ ಕಡೆ ತಿರುಗಿಸದ ಹಾಗೆ ನೋಡಿಕೊಳ್ಳಿ, ಕಣ್ಣೇ ಹೋಗುತ್ತದೆ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದು ಅಂಕ ಆ ಪಟ್ಟಿಗೂ ಮುಚ್ಚಳಕ್ಕೂ ಸೇರಿ ಕಳೆದಿದ್ದೇನೆ. ಆಗುವುದಾದರೆ ಆನ್‌ಲೈನ್ ಬಿಟ್ಟು ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ. ತೋಳು ಚಾಚಿ ಆಕಾಶದ ಕಡೆ ಹಿಡಿದಾಗ ಕಣ್ಣಿನ ಬದಿಯ ಗಾಜಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ಪೂರ್ತಿ ದುಂಡಗಿರಬೇಕು, ಅಂಚು ಕತ್ತರಿಸಿದ ಹಾಗೆ ಇದ್ದರೆ ಒಳಗಿನ ಪ್ರಿಸಂ ಅಗ್ಗದ್ದು. ಆಮೇಲೆ ರಸ್ತೆಯಾಚೆಯ ಬೋರ್ಡಿನ ಅಕ್ಷರ ಓದಿ, ಎರಡೆರಡಾಗಿ ಕಂಡರೆ ಎರಡು ನಳಿಕೆಗಳ ಹೊಂದಾಣಿಕೆ ತಪ್ಪಿದೆ, ಅದನ್ನು ಯಾವ ಬಳೆ ತಿರುಗಿಸಿದರೂ ಸರಿಮಾಡಲು ಆಗುವುದಿಲ್ಲ. ಬಾಗಿಲವರೆಗೆ ತಂದು ನೋಡಲು ಅಂಗಡಿಯವರು ಬಿಡದಿದ್ದರೆ ಸುಮ್ನೆ ವಾಪಸ್ ಕೊಟ್ಟು ಬೇರೆ ಅಂಗಡಿಗೆ ಹೋಗಿ.