ಪಟ್ಟಿಯಲ್ಲಿ ವಿಂಡೋಸ್ ಕಾಣದಿದ್ದರೆ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ಯುವ ಮುನ್ನ ಇದನ್ನು ಓದಿ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಕಂಪ್ಯೂಟರ್ ಶುರುವಾದಾಗ ಬರುವ ಪಟ್ಟಿಯಲ್ಲಿ ವಿಂಡೋಸ್ ಎಂಬ ಸಾಲು ಇಲ್ಲದಿದ್ದರೆ, ಆ ಸಾಲು ಇಲ್ಲವೆಂದಷ್ಟೇ ಅರ್ಥ; ವಿಂಡೋಸ್ ಅಳಿಸಿಹೋಗಿದೆ ಎಂದು ಅರ್ಥವಲ್ಲ. ಇಷ್ಟು ತಿಳಿಯದೆ ನಾನು 8,700 ರೂಪಾಯಿ ತೆತ್ತೆ, ಮೂರು ರಾತ್ರಿ ನಿದ್ದೆಗೆಟ್ಟೆ, ಎರಡು ತಿಂಗಳು ಕೂತು ತಿದ್ದಿದ್ದ ಕರಡನ್ನು ಕೈಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಕನ್ನಡ ಉಪನ್ಯಾಸಕ. ನನ್ನದು 2018ರಲ್ಲಿ ಕೊಂಡ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್ 10 ಇತ್ತು, ನನ್ನ ಸೋದರಳಿಯ ಅದರ ಪಕ್ಕದಲ್ಲಿ ಡೆಬಿಯನ್ ಎಂಬ ಲಿನಕ್ಸ್ ಹಾಕಿಕೊಟ್ಟಿದ್ದ. ದಿನನಿತ್ಯದ ಓದು ಬರಹವೆಲ್ಲ ಡೆಬಿಯನ್‌ನಲ್ಲಿಯೇ ನಡೆಯುತ್ತಿತ್ತು. ವಿಂಡೋಸನ್ನು ಉಳಿಸಿಕೊಂಡದ್ದು ಕನ್ನಡ ಟೈಪಿಂಗಿನ ತಂತ್ರಾಂಶವಾದ ನುಡಿಗಾಗಿ ಮತ್ತು ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್ 7ಕ್ಕಾಗಿ. ನಮ್ಮ ಕಡೆಯ ಮುದ್ರಣಾಲಯಗಳ ಜೊತೆ ವ್ಯವಹಾರ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಈಗಿನ ಸಾರ್ವತ್ರಿಕ ಅಕ್ಷರ ಸಂಕೇತವಾದ ಯುನಿಕೋಡಿನಲ್ಲಿ ಒಯ್ದರೆ ಅವರು ಮುಖ ಸಿಂಡರಿಸುತ್ತಾರೆ, ಹಳೆಯ ನುಡಿ ಅಕ್ಷರದಲ್ಲಿ ಪುಟ ಕಟ್ಟಿ ಕೊಟ್ಟರೆ ಅಂದೇ ಕೆಲಸ ಹಿಡಿಯುತ್ತಾರೆ. ನಾನು ಓದಿದ ಹಳ್ಳಿಯ ಶಾಲೆಗೆ ನೂರು ವರ್ಷ ತುಂಬಿತ್ತು. ಅದರ ಸ್ಮರಣ ಸಂಚಿಕೆಯ 84 ಪುಟಗಳು ಪೇಜ್‌ಮೇಕರ್‌ನಲ್ಲಿ ಸಿದ್ಧವಾಗಿದ್ದವು, ಶುಕ್ರವಾರ ಮುದ್ರಣಕ್ಕೆ ಹೋಗಬೇಕಿತ್ತು.

ಅದರ ಹಿಂದಿನ ಶನಿವಾರ ಸಂಜೆ ನಾನು ಡೆಬಿಯನ್ 11ರಿಂದ 12ಕ್ಕೆ ಏರಿಸಿದೆ. ‘ಮಾವ, ಏರಿಸೋಕೆ ಮುಂಚೆ ಬಿಡುಗಡೆ ಟಿಪ್ಪಣಿ ಓದಿ, ಇಲ್ಲಾಂದ್ರೆ ನಂಗೊಂದು ಫೋನ್ ಮಾಡಿ’ ಎಂದು ಅಳಿಯ ಎರಡು ಸಲ ಹೇಳಿದ್ದ. ನಾನು ಓದಲೂ ಇಲ್ಲ, ಫೋನ್ ಮಾಡಲೂ ಇಲ್ಲ. ಪರದೆಯ ಮೇಲೆ ನೂರಾರು ಸಾಲುಗಳು ಹರಿದವು; ಅವುಗಳ ನಡುವೆ ಒಂದು ಎಚ್ಚರಿಕೆಯ ಸಾಲೂ ಇತ್ತು ಎಂಬುದು ಆಮೇಲೆ ತಿಳಿಯಿತು. ಮತ್ತೆ ಶುರು ಮಾಡಿದಾಗ ಪಟ್ಟಿಯಲ್ಲಿ ಡೆಬಿಯನ್ ಇತ್ತು, ಡೆಬಿಯನ್‌ನ ಹೆಚ್ಚುವರಿ ಆಯ್ಕೆಗಳಿದ್ದವು, ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂಬುದಿತ್ತು. ವಿಂಡೋಸ್ ಇರಲಿಲ್ಲ. ನಾಲ್ಕು ಬಾರಿ ಮುಚ್ಚಿ ತೆರೆದೆ, ನಾಲ್ಕು ಬಾರಿಯೂ ಇರಲಿಲ್ಲ. ಅಳಿಯನಿಗೆ ಫೋನ್ ಮಾಡಲು ಮುಖವಿರಲಿಲ್ಲ, ಅವನ ಮಾತನ್ನು ಮೀರಿದ್ದೆನಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವುದಕ್ಕೆ ಮೊದಲೇ ಹೋಗಿ ಕಾದು ನಿಂತೆ.

ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಆತ ಲ್ಯಾಪ್‌ಟಾಪ್ ತೆರೆದು ಪಟ್ಟಿಯನ್ನು ಒಮ್ಮೆ ನೋಡಿ, ‘ಲಿನಕ್ಸ್ ಹಾಕಿದೀರಲ್ಲ ಸರ್, ಅದೇ ವಿಂಡೋಸ್‌ನ ತಿಂದ್‌ಹಾಕಿದೆ’ ಎಂದ. ನನ್ನ ಎದೆ ಧಸಕ್ಕೆಂದಿತು. ಆಮೇಲೆ ಆತ ಬಯಾಸ್‌ಗೆ, ಅಂದರೆ ಕಂಪ್ಯೂಟರ್ ಹೇಗೆ ಶುರುವಾಗಬೇಕೆಂದು ನಿಶ್ಚಯಿಸುವ ಸೆಟ್ಟಿಂಗ್‌ಗಳ ಪುಟಕ್ಕೆ, ಹೋಗಿ ಏನನ್ನೋ ಬದಲಿಸಿದ. ಅದು ಏನೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಮತ್ತೆ ಶುರು ಮಾಡಿದಾಗ ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂದು ಬಂತು; ಈಗ ಡೆಬಿಯನ್ ಕೂಡ ಇರಲಿಲ್ಲ. ಆತ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ, ‘ನೋಡಿ ಸರ್, ಈಗ ನಿಮ್ಮ ಕಣ್ಣೆದುರಿಗೇ ಹೋಯ್ತು. ಹಾರ್ಡ್‌ಡಿಸ್ಕೇ ಹೋಗಿದೆ’ ಎಂದ.

ಆ ಪರದೆಯನ್ನು ಕಂಡು ನಾನು ನಂಬಿದೆ. ಹಿಂದಿನ ದಿನದವರೆಗೂ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಡೆಬಿಯನ್ ಆತನ ಕೈ ತಾಗಿದ ಮೇಲೆ ಹೇಗೆ ಸತ್ತಿತು ಎಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ. ಆತ ಬದಲಿಸಿದ್ದು ಒಂದೇ ಒಂದು ಆಯ್ಕೆಯನ್ನು ಎಂದು ಈಗ ಗೊತ್ತಿದೆ. ಕಂಪ್ಯೂಟರನ್ನು ಶುರು ಮಾಡುವ ಹೊಸ ಕ್ರಮವಾದ ಯುಇಎಫ್‌ಐನಲ್ಲಿ ಸ್ಥಾಪಿಸಿದ ಡಿಸ್ಕಿನಲ್ಲಿ ಸಾಮಾನ್ಯವಾಗಿ ಹಳೆಯ ಲೆಗಸಿ ಕ್ರಮಕ್ಕೆ ಬೇಕಾದ ಆರಂಭದ ಸಂಕೇತವೇ ಇರುವುದಿಲ್ಲ, ಆದ್ದರಿಂದ ಬಯಾಸನ್ನು ಲೆಗಸಿಗೆ ತಿರುಗಿಸಿದರೆ ಎಷ್ಟೇ ಗಟ್ಟಿಯಾದ ಡಿಸ್ಕಾದರೂ ಬೂಟ್ ಆಗುವಂಥದ್ದು ಇಲ್ಲ ಎಂದೇ ಪರದೆ ಹೇಳುತ್ತದೆ. ಮತ್ತೆ ಯುಇಎಫ್‌ಐಗೆ ತಂದರೆ ಎಲ್ಲವೂ ಮೊದಲಿನಂತೆ. ಆತನಿಗೆ ಇದು ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಅಲ್ಲಿಯವರೆಗಿನದನ್ನು ಅಜ್ಞಾನ ಎಂದು ಬಿಟ್ಟುಬಿಡಬಹುದು. ಆದರೆ ಮುಂದಿನದನ್ನು ನಾನು ಅಜ್ಞಾನ ಎಂದು ಒಪ್ಪುವುದಿಲ್ಲ.

ಲೆಕ್ಕ ಹೀಗಿತ್ತು: ಹೊಸ ಎಸ್‌ಎಸ್‌ಡಿಗೆ (ವೇಗದ ಹೊಸ ಬಗೆಯ ಡಿಸ್ಕ್) 3,400, ವಿಂಡೋಸ್ ಹಾಕಲು 800, ಹಳೆಯ ಡಿಸ್ಕಿನಿಂದ ಡೇಟಾ ರಿಕವರಿಗೆ 4,500. ‘ಬ್ಯಾಡ್ ಸೆಕ್ಟರ್ ತುಂಬಾ ಇದೆ ಸರ್, ಬೆಂಗಳೂರಿಗೆ ಕಳ್ಸಿದ್ರೆ ಇಪ್ಪತ್ತು ಸಾವಿರ ಕೇಳ್ತಾರೆ’ ಎಂದು ಸೇರಿಸಿದ. ಬ್ಯಾಡ್ ಸೆಕ್ಟರ್ ಎಂದರೆ ಡಿಸ್ಕಿನಲ್ಲಿ ಓದಲಾಗದಂತೆ ಕೆಟ್ಟುಹೋದ ಜಾಗ. ಬಿಲ್ ಕೇಳಿದೆ. ‘ಬಿಲ್ ಬೇಕಂದ್ರೆ ಹದಿನೆಂಟು ಪರ್ಸೆಂಟ್ ಮೇಲೆ ಬೀಳುತ್ತೆ ಸರ್, ನಿಮಗ್ಯಾಕೆ ಸುಮ್ನೆ’ ಎಂದ. ನನ್ನ ಮೇಲಿನ ಕಾಳಜಿಯಿಂದ ಹೇಳುವವನಂತೆ ಹೇಳಿದ, ನಾನೂ ಹಾಗೆಯೇ ತಿಳಿದುಕೊಂಡೆ.

ಮಂಗಳವಾರ ಸಂಜೆ ಲ್ಯಾಪ್‌ಟಾಪ್ ತರಲು ಹೋದಾಗ ನಡೆದದ್ದು ನನ್ನನ್ನು ಇಂದಿಗೂ ಸುಡುತ್ತದೆ. ರಿಕವರಿಯಾದ ಕಡತಗಳು ಎಂದು ಆತ ಒಂದು ವರ್ಡ್ ಕಡತವನ್ನು ತೆರೆದು ತೋರಿಸಿದ. ಪುಟದ ತುಂಬ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡಿನ ಗುರುತು. ‘ಅರ್ಧ ಕರಪ್ಟ್ ಆಗಿ ಬಂದಿದೆ ಸರ್, ನಿಮ್ಮ ಅದೃಷ್ಟ ಇಷ್ಟಾದ್ರೂ ಸಿಕ್ತು. ಪೇಜ್‌ಮೇಕರ್ ಫೈಲ್‌ಗಳು ಬ್ಯಾಡ್ ಸೆಕ್ಟರ್‌ನಲ್ಲಿದ್ವು, ಅವು ಬರಲಿಲ್ಲ’ ಎಂದ.

ಇಪ್ಪತ್ತು ವರ್ಷಗಳಿಂದ ನುಡಿಯಲ್ಲಿ ಟೈಪ್ ಮಾಡುತ್ತಿರುವವನು ನಾನು. ನುಡಿಯ ಹಳೆಯ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕುಳಿತಿರುವುದರಿಂದ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದವೇ ಪಿ, ಎ, ಪೌಂಡು ಎಂದು ಒಡೆದು ಕಾಣುತ್ತದೆ. ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಇದು ನನಗೆ ಆ ಕ್ಷಣದಲ್ಲಿಯೇ ತಿಳಿಯಿತು. ತಿಳಿದೂ ಬಾಯಿ ಬಿಡದೆ 8,700 ರೂಪಾಯಿ ಎಣಿಸಿ ಕೊಟ್ಟು ಬಂದೆ! ಶುಕ್ರವಾರದ ಗಡುವು ತಲೆಯೊಳಗೆ ಕೂತಿತ್ತು, ಎದುರಿಗಿದ್ದವನು ಅಷ್ಟು ನೆಮ್ಮದಿಯಿಂದ ಮಾತಾಡುತ್ತಿದ್ದ, ನಾನು ಕೇಳಿಕೊಂಡು ನಿಂತೆ. ಮನೆಗೆ ಬಂದು ನುಡಿ ಹಾಕಿದ ಮೇಲೆ ಆ ವರ್ಡ್ ಕಡತಗಳಲ್ಲಿ ಒಂದು ಒತ್ತಕ್ಷರವೂ ಜಾರಿರಲಿಲ್ಲ. ಡಿಸ್ಕ್ ತುಂಬ ಬ್ಯಾಡ್ ಸೆಕ್ಟರ್ ಇದ್ದರೆ ಇಷ್ಟೊಂದು ಕಡತಗಳು ಹೀಗೆ ಪೂರ್ತಿಯಾಗಿ ಬರುವುದು ಹೇಗೆ? ನನಗೆ ಗೊತ್ತಿದ್ದ ವಿಷಯದಲ್ಲಿ ಆತ ಹೇಳಿದ್ದು ಸುಳ್ಳಾದರೆ, ನನಗೆ ಗೊತ್ತಿಲ್ಲದ ವಿಷಯದಲ್ಲಿ ಹೇಳಿದ್ದು ನಿಜವಿರಲು ಸಾಧ್ಯವೇ?

ಬುಧವಾರ ಫೋನ್ ಮಾಡಿ ಹಳೆಯ ಡಿಸ್ಕ್ ಕೇಳಿದೆ. ‘ಅದನ್ನ ಸ್ಕ್ರ್ಯಾಪ್‌ಗೆ ಹಾಕಿದೀವಿ ಸರ್’ ಎಂದ. ನನ್ನ ಡಿಸ್ಕು, ನನ್ನ ದುಡ್ಡಿನಲ್ಲಿ ಕೊಂಡದ್ದು, ನನ್ನ ಮನೆಯ ಫೋಟೋ, ಬ್ಯಾಂಕಿನ ಕಾಗದ ಎಲ್ಲ ಇದ್ದದ್ದು. ನನ್ನನ್ನು ಒಂದು ಮಾತೂ ಕೇಳದೆ ಸ್ಕ್ರ್ಯಾಪ್‌ಗೆ! ಮಂಗಳವಾರ, ಬುಧವಾರ, ಗುರುವಾರ ಮೂರು ರಾತ್ರಿ ಕೂತು, ತಿದ್ದದೆ ಉಳಿದಿದ್ದ ವರ್ಡ್ ಕಡತಗಳಿಂದಲೇ 84 ಪುಟಗಳನ್ನು ಮತ್ತೆ ಕಟ್ಟಿದೆ. ಶುಕ್ರವಾರ ಬೆಳಿಗ್ಗೆ ಅದನ್ನು ಮುದ್ರಣಾಲಯಕ್ಕೆ ಕೊಟ್ಟು ನೇರವಾಗಿ ಅಂಗಡಿಗೆ ಹೋಗಿ ಒಂದು ಗಂಟೆ ನಿಂತೆ. ಬೇರೆ ಗಿರಾಕಿಗಳು ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಆತ ‘ಹಳೇದನ್ನ ಇಟ್ಕೊಂಡು ಏನ್ ಮಾಡ್ತೀರಾ ಸರ್’ ಎನ್ನುತ್ತ ಕೌಂಟರಿನ ಕೆಳಗಿನ ಡ್ರಾಯರ್ ಎಳೆದ. ಸ್ಕ್ರ್ಯಾಪ್‌ಗೆ ಹೋಗಿದ್ದ ಡಿಸ್ಕ್ ಅಲ್ಲಿಯೇ ಇತ್ತು.

ಭಾನುವಾರ ಅಳಿಯ ಬೆಂಗಳೂರಿನಿಂದ ಬಂದ. ಸ್ಕ್ರೂಡ್ರೈವರ್ ಹಿಡಿದು ಹಳೆಯ ಡಿಸ್ಕನ್ನೇ ಮತ್ತೆ ಕೂರಿಸಿ, ಬಯಾಸನ್ನು ಯುಇಎಫ್‌ಐಗೆ ತಂದು, ಲ್ಯಾಪ್‌ಟಾಪ್ ಶುರುವಾಗುವಾಗ ಎಫ್ 12 ಒತ್ತಿದ. ಕಂಪ್ಯೂಟರಿನದೇ ಆದ ಒಂದು ಪಟ್ಟಿ ಬಂತು. ಅದರಲ್ಲಿ ಎರಡು ಸಾಲು: ಡೆಬಿಯನ್, ವಿಂಡೋಸ್ ಬೂಟ್ ಮ್ಯಾನೇಜರ್. ಎರಡನೆಯದನ್ನು ಒತ್ತಿದ, ನನ್ನ ವಿಂಡೋಸ್ ಬಂತು. ಸಿ ಡ್ರೈವಿನಲ್ಲಿ ನಾನು ಇಟ್ಟಿದ್ದ ಜಾಗದಲ್ಲಿಯೇ ಸ್ಮರಣ ಸಂಚಿಕೆಯ ಫೋಲ್ಡರ್ ಇತ್ತು. ಅಂಗಡಿಯವನು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಈ ಮೂರನ್ನು ಮಾತ್ರ ನಕಲು ಮಾಡಿದ್ದ. ಹೊರಗಿದ್ದ ಈ ಫೋಲ್ಡರನ್ನು ಹುಡುಕಿಯೂ ಇರಲಿಲ್ಲ. ಆ ನಕಲಿಗೆ 4,500 ರೂಪಾಯಿ. ‘ಮಾವ, ಒಂದ್ ಸಲ ಎಫ್ 12 ಒತ್ತಿದ್ರೆ ಸಾಕಿತ್ತು’ ಎಂದ ಅಳಿಯ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವನು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಪಟ್ಟಿಯನ್ನು ತೋರಿಸುವ ತಂತ್ರಾಂಶ ಗ್ರಬ್. ಬೇರೆ ಯಾವ ವ್ಯವಸ್ಥೆಗಳು ಕಂಪ್ಯೂಟರಿನಲ್ಲಿವೆ ಎಂದು ಹುಡುಕಿ ಪಟ್ಟಿಗೆ ಸೇರಿಸುವ ಕೆಲಸವನ್ನು ಅದು ಓಎಸ್ ಪ್ರೋಬರ್ ಎಂಬ ಇನ್ನೊಂದಕ್ಕೆ ಒಪ್ಪಿಸುತ್ತಿತ್ತು. ಹಾಗೆ ಡಿಸ್ಕಿನ ಬೇರೆ ಭಾಗಗಳನ್ನೆಲ್ಲ ತೆರೆದು ಇಣುಕುವುದರಲ್ಲಿ ಅಪಾಯವಿದೆ ಎಂದು 2021ರಲ್ಲಿ ಬಂದ ಗ್ರಬ್ 2.06ರಿಂದ ಆ ಹುಡುಕಾಟವನ್ನು ತಾನಾಗಿಯೇ ನಡೆಯದಂತೆ ನಿಲ್ಲಿಸಿದರು. 2023ರ ಜೂನ್ 10ರಂದು ಹೊರಬಂದ ಡೆಬಿಯನ್ 12ರ ಬಿಡುಗಡೆ ಟಿಪ್ಪಣಿಯಲ್ಲಿ ಇದನ್ನೂ ಇದಕ್ಕೆ ಪರಿಹಾರವನ್ನೂ ಸ್ಪಷ್ಟವಾಗಿ ಬರೆದಿದ್ದಾರೆ; ನಾನು ಓದದೆ ಬಿಟ್ಟ ಟಿಪ್ಪಣಿ ಅದೇ. ಡೆಬಿಯನ್‌ನ ಇಟಿಸಿ ಎಂಬ ಫೋಲ್ಡರಿನ ಒಳಗಿನ ಡೀಫಾಲ್ಟ್ ಫೋಲ್ಡರಿನಲ್ಲಿ ಗ್ರಬ್ ಎಂಬ ಕಡತವಿದೆ, ಅದರಲ್ಲಿ ‘ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್’ ಎಂಬ ಸಾಲಿದೆ, ಅದರ ಬೆಲೆ ‘ಫಾಲ್ಸ್’. ಆ ಸಾಲಿನ ಮೊದಲಲ್ಲಿದ್ದು ಅದು ಕೆಲಸ ಮಾಡದಂತೆ ತಡೆದಿದ್ದ ಹ್ಯಾಶ್ ಗುರುತನ್ನು ಅಳಿಯ ಅಳಿಸಿ, ಆದೇಶ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಅಪ್‌ಡೇಟ್-ಗ್ರಬ್ ಆದೇಶವನ್ನು ಸುಡೊ (ಆಡಳಿತಗಾರನ ಅಧಿಕಾರದಿಂದ ನಡೆಸು ಎಂಬ ಪದ) ಸಹಿತ ಕೊಟ್ಟ. ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು ಎಂದು ಒಂದು ಸಾಲು ಬಂತು. ಮುಂದಿನ ಬಾರಿ ತೆರೆದಾಗ ಪಟ್ಟಿಯಲ್ಲಿ ವಿಂಡೋಸ್ ಇತ್ತು. ಒಟ್ಟು ಎರಡು ನಿಮಿಷ ಹಿಡಿಯಿತು. ಡಿಸ್ಕಿನ ಆರೋಗ್ಯವನ್ನೂ ಸ್ಮಾರ್ಟ್ ತಪಾಸಣೆಯಲ್ಲಿ ನೋಡಿದ: ಕೆಟ್ಟು ಬದಲಿಸಲಾದ ಸೆಕ್ಟರ್‌ಗಳು ಸೊನ್ನೆ, ಬದಲಿಸಲು ಕಾದಿರುವವೂ ಸೊನ್ನೆ.

ಸೋಮವಾರ ನಡೆಯುತ್ತಿದ್ದ ಲ್ಯಾಪ್‌ಟಾಪನ್ನು ಹಿಡಿದು ಮತ್ತೆ ಅಂಗಡಿಗೆ ಹೋದೆ. ಆತ ಕೊಟ್ಟ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ‘ಅವತ್ತು ಬರ್ತಿರ್ಲಿಲ್ಲ ಸರ್, ಇವತ್ತು ಬಂದಿದೆ ಅಂದ್ರೆ ನಿಮ್ಮ ಲಕ್ಕು.’ ಬ್ಯಾಡ್ ಸೆಕ್ಟರ್ ಎಲ್ಲಿವೆ ಎಂದು ಕೇಳಿದೆ. ‘ಅವು ಒಂದ್ಸಲ ತೋರ್ಸುತ್ತೆ ಒಂದ್ಸಲ ತೋರ್ಸಲ್ಲ ಸರ್.’ ಬಯಾಸ್‌ನಲ್ಲಿ ಏನು ಬದಲಿಸಿದಿರಿ ಎಂದು ಕೇಳಿದೆ. ‘ನಾವೇನೂ ಮುಟ್ಟಿಲ್ಲ.’ ರಿಕವರಿಗೆಂದು ತೆಗೆದುಕೊಂಡ ಹಣವನ್ನಾದರೂ ಹಿಂದಿರುಗಿಸಿ ಎಂದೆ. ‘ಎಸ್‌ಎಸ್‌ಡಿ ಹಾಕಿದ್ಮೇಲೆ ಸ್ಪೀಡ್ ಬಂತಲ್ಲ ಸರ್, ನಿಮಗೆ ಲಾಸ್ ಏನಾಯ್ತು? ಲಿನಕ್ಸ್ ಹಾಕ್ಕೊಂಡಿದ್ದು ನೀವು ತಾನೆ?’ ಕೊನೆಗೆ ಐದು ನೂರು ರೂಪಾಯಿಯ ಒಂದು ನೋಟನ್ನು ಮೇಜಿನ ಮೇಲೆ ಇಟ್ಟ. ನಾನು ಮುಟ್ಟಲಿಲ್ಲ. ಗ್ರಾಹಕರ ಸಹಾಯವಾಣಿ 1915 ಇದೆ, ನನಗೂ ಗೊತ್ತು; ಆದರೆ ತೋರಿಸಲು ನನ್ನ ಕೈಯಲ್ಲಿ ಬಿಲ್ಲೇ ಇಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಪಟ್ಟಿಯಲ್ಲಿ ವಿಂಡೋಸ್ ಇಲ್ಲದಿದ್ದರೆ ಮೊದಲು ಎಫ್ 12 ಒತ್ತಿ ನೋಡಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಎಫ್ 9, ಕೆಲವದರಲ್ಲಿ ಎಸ್ಕೇಪ್ ಕೀಲಿ. ಅಲ್ಲಿ ವಿಂಡೋಸ್ ಕಂಡರೆ ಯಾರ ಬಳಿಗೂ ಹೋಗಬೇಕಾಗಿಲ್ಲ. ಹೋಗಲೇಬೇಕಾದರೆ ಬಯಾಸ್‌ನ ಬೂಟ್ ಪುಟಕ್ಕೆ ಒಂದು ಫೋಟೋ ತೆಗೆದಿಟ್ಟುಕೊಂಡು ಹೋಗಿ, ಬಿಲ್ ಇಲ್ಲದೆ ಹಣ ಕೊಡಬೇಡಿ, ಹಳೆಯ ಡಿಸ್ಕನ್ನು ಕೈಗೆ ತೆಗೆದುಕೊಳ್ಳದೆ ಅಂಗಡಿಯ ಮೆಟ್ಟಿಲು ಇಳಿಯಬೇಡಿ. ಮನೆಯಲ್ಲಿ ತಿಳಿದವರಿದ್ದರೆ ಬೈಸಿಕೊಂಡಾದರೂ ಅವರನ್ನೇ ಮೊದಲು ಕೇಳಿ.

ಅಳಿಯ ವಿಂಡೋಸನ್ನು ಮರಳಿ ತಂದ ಭಾನುವಾರವೇ ಮುದ್ರಣಾಲಯಕ್ಕೆ ಫೋನ್ ಮಾಡಿದ್ದೆ. ಸಂಚಿಕೆಯ ಎಲ್ಲ ಪುಟಗಳೂ ಅಚ್ಚಾಗಿ ಹೊಲಿಗೆಗೆ ಹೋಗಿದ್ದವು. 47ನೆಯ ಪುಟದಲ್ಲಿ, ಶಾಲೆಗೆ ಜಾಗ ಕೊಟ್ಟ ಮನೆತನದ ಹಿರಿಯರ ಹೆಸರು ಹಳೆಯ ಕರಡಿನಲ್ಲಿದ್ದಂತೆ ತಪ್ಪಾಗಿಯೇ ಅಚ್ಚಾಗಿದೆ. ಅವರ ಮೊಮ್ಮಗ ನಮ್ಮ ಮನೆಗೆ ಬಂದು ತೋರಿಸಿದ ಮೇಲೆ ನಾನೇ ತಿದ್ದಿದ್ದ ಹೆಸರು ಅದು. ತಿದ್ದಿದ ಪುಟ ಪೇಜ್‌ಮೇಕರ್ ಕಡತದಲ್ಲಿ ಸರಿಯಾಗಿಯೇ ಇದೆ, ಆ ಭಾನುವಾರ ಅಳಿಯನ ಪಕ್ಕದಲ್ಲಿ ಕುಳಿತು ಅದನ್ನು ತೆರೆದು ನೋಡಿದೆ.