ಗೋಣಿಕೊಪ್ಪದ 2,200ರ ಡಿಸ್‌ಪ್ಲೇಯೋ, ಮೈಸೂರಿನ 7,670ರದ್ದೋ?

ಮೊದಲೇ ಹೇಳಿಬಿಡುತ್ತೇನೆ, ಒಡೆದ ಫೋನ್ ಸ್ಕ್ರೀನ್ ಬದಲಿಸಲು ನನ್ನ ಓಟು ಮೈಸೂರಿನಲ್ಲಿರುವ ಕಂಪನಿಯ ಸರ್ವಿಸ್ ಸೆಂಟರ್‌ಗೆ. ಆದರೆ ಅಲ್ಲಿಗೆ ಹೋಗುವ ಮೊದಲು ಗೋಣಿಕೊಪ್ಪದಲ್ಲಿ 2,200 ರೂಪಾಯಿ ಕಳೆದುಕೊಂಡೆ.

ಜನವರಿಯಲ್ಲಿ ಕಣದಲ್ಲಿ ಕಾಫಿ ಹರವಲು ಬಗ್ಗಿದಾಗ ಜೇಬಿನಿಂದ ಫೋನು ಜಾರಿತು. ಸಿಮೆಂಟಿನ ಮೇಲೆ ಮುಖ ಅಡಿಯಾಗಿ ಬಿತ್ತು. ಗ್ಲಾಸ್ ಬಿರುಕು ಬಿಟ್ಟಿತ್ತು, ಮೂಲೆಯಲ್ಲಿ ಮಸಿ ಚೆಲ್ಲಿದ ಹಾಗೆ ಒಂದು ಕಲೆ. ಸಂಜೆ ಹೊತ್ತಿಗೆ ಆ ಕಲೆ ಅರ್ಧ ಸ್ಕ್ರೀನ್ ನುಂಗಿತ್ತು.

ನನ್ನದು ಅಮೋಲೆಡ್ ಸ್ಕ್ರೀನು, ಅಂದರೆ ಪ್ರತಿ ಚುಕ್ಕಿಯೂ ತಾನೇ ಬೆಳಗುವಂಥದ್ದು. ಗ್ಲಾಸು, ಟಚ್, ಡಿಸ್‌ಪ್ಲೇ ಮೂರೂ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಅಂಗಡಿಯವರು ಕಾಂಬೋ ಅನ್ನುವುದು ಇದನ್ನೇ. ಬರೀ ಗ್ಲಾಸ್ ಬದಲಿಸುವವರೂ ಇದ್ದಾರೆ, ಅಗ್ಗವೂ ಹೌದು. ಆದರೆ ಒಳಗೆ ಕಲೆ ಬಂದಮೇಲೆ ಅದರಿಂದ ಉಪಯೋಗವಿಲ್ಲ.

ಗೋಣಿಕೊಪ್ಪದ ಅಂಗಡಿಯ ಹುಡುಗ ಮುಕ್ಕಾಲು ಗಂಟೆಯಲ್ಲಿ ಹಾಕಿಕೊಟ್ಟ. "ಅಕ್ಕ, ಒರಿಜಿನಲ್ ಥರಾನೇ ಇರುತ್ತೆ" ಅಂದ. ಆ 'ಥರಾನೇ' ಕೇಳಿದಾಗಲೇ ನಾನು ಎದ್ದು ಬರಬೇಕಿತ್ತು.

ಬಣ್ಣ ಸ್ವಲ್ಪ ನೀಲಿ, ಬಿಸಿಲಲ್ಲಿ ಮಂಕು. ಅದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಬೆರಳಚ್ಚು ಕೆಲಸ ಮಾಡದೇ ಹೋದದ್ದನ್ನು ಮಾತ್ರ ಸಹಿಸಲಾಗಲಿಲ್ಲ. ನನ್ನ ಫೋನಿನಲ್ಲಿ ಬೆರಳಚ್ಚಿನ ಸೆನ್ಸರ್ ಸ್ಕ್ರೀನಿನ ಅಡಿಯಲ್ಲಿದೆ. ಸ್ಕ್ರೀನಿನ ಬೆಳಕು ಬೆರಳಿಗೆ ಬಿದ್ದು, ವಾಪಸ್ ಸ್ಕ್ರೀನಿನೊಳಗಿಂದ ತೂರಿಕೊಂಡು ಸೆನ್ಸರ್‌ಗೆ ಮುಟ್ಟಬೇಕು. ಅವನು ಹಾಕಿದ್ದು ಎಲ್‌ಸಿಡಿ ಅನ್ನುವ ಬೇರೆ ಥರದ ಸ್ಕ್ರೀನು. ಅದರ ಹಿಂದೆ ಬೆಳಕಿನ ಪದರವೇ ಇನ್ನೊಂದಿರುತ್ತದೆ, ಬೆಳಕು ದಾಟುವುದಿಲ್ಲ. ಸೆಟ್ಟಿಂಗ್ ಬದಲಿಸಿದರೂ ಅಷ್ಟೇ, ರೀಸ್ಟಾರ್ಟ್ ಮಾಡಿದರೂ ಅಷ್ಟೇ.

ಸುಮ್ನೆ ಪಿನ್ ಒತ್ತಿದರಾಯಿತು, ಅಲ್ವಾ? ಶನಿವಾರ ಬಟವಾಡೆ ದಿನ ನಮ್ಮ ಕಣಕ್ಕೆ ಬಂದು ನೋಡಿ. ಹನ್ನೊಂದು ಜನ, ಅವರಲ್ಲಿ ಒಂಬತ್ತು ಜನಕ್ಕೆ ದುಡ್ಡು ಫೋನಿನಲ್ಲೇ ಹೋಗಬೇಕು. ಒಬ್ಬರದು ಮುಗಿಸಿ ಪುಸ್ತಕದಲ್ಲಿ ಬರೆಯುವಷ್ಟರಲ್ಲಿ ಸ್ಕ್ರೀನ್ ಆರಿರುತ್ತದೆ. ಮತ್ತೆ ಫೋನಿನ ಪಿನ್, ಆಪ್ ತೆರೆಯಲು ಇನ್ನೊಮ್ಮೆ ಅದೇ ಪಿನ್, ಕೊನೆಗೆ ಯುಪಿಐ ಪಿನ್. ಸುತ್ತಲೂ ಜನ ನಿಂತಿರುವಾಗ ಒಂದು ಕೈಯಲ್ಲಿ ಮರೆಮಾಡಿ ಒತ್ತಬೇಕು. ಎರಡನೇ ವಾರ ಅವಸರದಲ್ಲಿ ಮೂರು ಸಲ ತಪ್ಪು ಒತ್ತಿ ಯುಪಿಐ ನಿಂತೇಹೋಯಿತು. ಕೊನೆಗೆ ಮನೆಯಲ್ಲಿದ್ದ ನೋಟು ಹುಡುಕಿ ಕೊಟ್ಟೆ.

ಅಂಗಡಿಗೆ ಹೋಗಿ ಕೇಳಿದರೆ, "ಕಾಪಿ ಡಿಸ್‌ಪ್ಲೇಯಲ್ಲಿ ಬೆರಳಚ್ಚು ಬರಲ್ಲ ಅಕ್ಕ, ಎಲ್ಲರಿಗೂ ಗೊತ್ತು." ನನಗೆ ಗೊತ್ತಿರಲಿಲ್ಲ.

ಹಾಗಾಗಿ ಬಸ್ ಹತ್ತಿದೆ. ತಿತಿಮತಿ, ಹುಣಸೂರು, ಮೈಸೂರು. ಮೊದಲೇ ಫೋನ್ ಮಾಡಿ ಪಾರ್ಟ್ ಇದೆಯಾ ಅಂತ ಕೇಳಿಕೊಂಡೇ ಹೋಗಿದ್ದೆ. ಇಲ್ಲದಿದ್ದರೆ ಎರಡು ಸಲ ಓಡಾಟ. ಬಿಲ್ ಹೀಗಿತ್ತು: ಡಿಸ್‌ಪ್ಲೇ 6,200, ಲೇಬರ್ 300, ಅದರ ಮೇಲೆ ಶೇ. 18 ಜಿಎಸ್‌ಟಿ 1,170. ಒಟ್ಟು 7,670. ಬಸ್ಸು, ಊಟ ಬೇರೆ. ಒಂದು ದಿನದ ಕೆಲಸವೂ ಹೋಯಿತು. ಫೋಟೋಗಳನ್ನು ಬೇರೆ ಕಡೆ ಉಳಿಸಿಕೊಂಡು ಬನ್ನಿ ಅಂದಿದ್ದರು, ಹಿಂದಿನ ರಾತ್ರಿ ಕೂತು ಅದನ್ನೂ ಮಾಡಿದ್ದೆ.

7,670 ಕಮ್ಮಿಯಲ್ಲ. ಫೋನಿಗೆ ಕೊಟ್ಟದ್ದೇ 21,000. ಆದರೆ ನಾನು ಒಂದು ಫೋನನ್ನು ನಾಲ್ಕೈದು ವರ್ಷ ಬಳಸುವವಳು, ಇದಕ್ಕೆ ಇನ್ನೂ ಎರಡು ವರ್ಷ ಆಗಿಲ್ಲ. ಮುಂದಿನ ವರ್ಷ ಹೇಗೂ ಬದಲಿಸುವವರಾಗಿದ್ದರೆ ಕಾಪಿಯಲ್ಲೇ ದಿನ ದೂಡಬಹುದು.

ಅಪ್ಪನ ಹಳೇ ಫೋನ್ ಒಡೆದಾಗ ನಾನೇ ಅದೇ ಹುಡುಗನ ಹತ್ತಿರ 1,300ಕ್ಕೆ ಹಾಕಿಸಿದೆ. ಅದು ಕಂಪನಿಯಿಂದ ಬಂದಾಗಲೇ ಎಲ್‌ಸಿಡಿ, ಬೆರಳಚ್ಚು ಇರುವುದು ಪಕ್ಕದ ಬಟನ್‌ನಲ್ಲಿ. ಚೆನ್ನಾಗೇ ನಡೆಯುತ್ತಿದೆ.

ನನ್ನದರಲ್ಲಿ ಈಗ ಬೆರಳು ಇಟ್ಟರೆ ತೆರೆಯುತ್ತದೆ. ಹಣ್ಣು ಕೊಯ್ದು ಬಂದ ಅಂಟು ಕೈಯಾದರೆ ಮಾತ್ರ ಸೀರೆಗೆ ಒರೆಸಿಕೊಂಡು ಇನ್ನೊಮ್ಮೆ ಇಡಬೇಕು.