ಗೇಮಿಂಗ್ ಲ್ಯಾಪ್‌ಟಾಪಿನ ಕಾವು ಇಳಿಸಿದ ಎಸ್‌.ಪಿ. ರಸ್ತೆಯ ರಿಪೇರಿ ಅಂಗಡಿ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಡ್ಡ ಓಣಿಯೊಂದರಲ್ಲಿ, ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಪುಟ್ಟ ರಿಪೇರಿ ಅಂಗಡಿಯೊಂದಿದೆ. ಕೋರ್ ಐ7-11800ಎಚ್ ಪ್ರೊಸೆಸರ್ ಇರುವ ನನ್ನ ಗೇಮಿಂಗ್ ಲ್ಯಾಪ್‌ಟಾಪ್ ಆಟ ಶುರುವಾದ ಹತ್ತು ನಿಮಿಷದೊಳಗೆ ಯಾವ ಸೂಚನೆಯನ್ನೂ ಕೊಡದೆ ತಟಕ್ಕನೆ ಆರಿಹೋಗತೊಡಗಿದಾಗ ಅಲ್ಲಿಗೆ ಹೋಗಿದ್ದೆ. ವಾರಂಟಿ ಮುಗಿದಿತ್ತು. ಅದಕ್ಕೆ ಮೊದಲು ಕಂಡಿದ್ದ ಸರ್ವಿಸ್ ಸೆಂಟರಿನವರು ವಿಂಡೋಸ್‌ನ ಆಗುಹೋಗುಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರಿನಲ್ಲಿ ಸಾಲುಗಟ್ಟಿದ್ದ ‘ಕರ್ನಲ್-ಪವರ್ 41’ ದಾಖಲೆಗಳನ್ನು ತೋರಿಸಿ, ಮದರ್‌ಬೋರ್ಡ್ ಬದಲಿಸಬೇಕು, 38,000 ರೂಪಾಯಿ ಆಗುತ್ತದೆ ಎಂದಿದ್ದರು. ಆದರೆ ಯಂತ್ರ ಸರಿಯಾದ ಕ್ರಮದಲ್ಲಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟನ್ನೇ ಈ 41 ಹೇಳುತ್ತದೆ; ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿದರೂ ಅದೇ ದಾಖಲಾಗುತ್ತದೆ. ಅದರಿಂದ ಬೋರ್ಡಿನ ಹಣೆಬರಹ ಓದಲು ಬರುವುದಿಲ್ಲ.

ಅಂಗಡಿಯ ತರುಣ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು, ಯಂತ್ರದ ಉಷ್ಣತೆ, ವೇಗಗಳನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶವನ್ನು ತೆರೆದಿಟ್ಟು ಪ್ರೊಸೆಸರಿಗೆ ಪೂರ್ಣ ಹೊರೆ ಹೊರಿಸಿದ. ನಾಲ್ಕೇ ನಿಮಿಷದಲ್ಲಿ ಉಷ್ಣತೆ ಈ ಪ್ರೊಸೆಸರಿನ ಮಿತಿಯಾದ 100 ಡಿಗ್ರಿಯನ್ನು ಮುಟ್ಟಿತು, ವೇಗ ಕುಸಿಯಿತು, ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಯಂತ್ರ ತಣಿದ ಮೇಲೆ ಪವರ್ ಆಪ್ಷನ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಂಬುದನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿದ. ಹೀಗೆ ಮಾಡಿದಾಗ ವೇಗವನ್ನು ತಾನಾಗಿ ಏರಿಸಿಕೊಳ್ಳುವ ಟರ್ಬೊ ಬೂಸ್ಟ್ ನಿಂತುಹೋಗಿ, 4.6 ಗಿಗಾಹರ್ಟ್ಸ್‌ವರೆಗೆ ಏರಬಲ್ಲ ಪ್ರೊಸೆಸರ್ ತನ್ನ ಮೂಲ ವೇಗವಾದ 2.3ರ ಆಸುಪಾಸಿನಲ್ಲೇ ಓಡುತ್ತದೆ. ಅರ್ಧ ಗಂಟೆಯಾದರೂ ಅದು ಆರಲಿಲ್ಲ. “ಬೋರ್ಡ್ ಚೆನ್ನಾಗೇ ಇರೋ ಹಾಗಿದೆ ಸರ್, ಬಿಸಿ ಹೊರಗೆ ಹೋಗ್ತಿಲ್ಲ,” ಎಂದ. ಬೋರ್ಡಿನ ದೋಷವನ್ನು ಈ ಒಂದೇ ಪರೀಕ್ಷೆ ಸಂಪೂರ್ಣವಾಗಿ ಅಲ್ಲಗಳೆಯುವುದಿಲ್ಲ, ನಿಜ. ಆದರೆ 38,000 ರೂಪಾಯಿಯ ಮಾತೆತ್ತುವ ಮುನ್ನ ಅರ್ಧ ಗಂಟೆ ಕಾದು ನೋಡುವಷ್ಟು ವ್ಯವಧಾನ ಸರ್ವಿಸ್ ಸೆಂಟರಿನವರಿಗೂ ಇರಬೇಕಿತ್ತು.

ತಳದ ಮುಚ್ಚಳ ತೆಗೆದೊಡನೆ ಆತ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ, ನಂತರ ಫ್ಯಾನುಗಳನ್ನು ಬಿಚ್ಚಿದ. ಫ್ಯಾನಿನ ಬಾಯಿಗೂ ಶಾಖ ಹೊರಹಾಕುವ ತಾಮ್ರದ ತೆಳು ರೆಕ್ಕೆಗಳಿಗೂ ನಡುವೆ ಧೂಳು, ಕೂದಲು, ಹತ್ತಿಯ ಎಳೆಗಳೆಲ್ಲ ಹೆಣೆದುಕೊಂಡು ಕಂಬಳಿಯ ತುಂಡಿನಂತಾಗಿತ್ತು. ಚಿಮಟದಲ್ಲಿ ಹಿಡಿದೆಳೆದಾಗ ಬೆರಳುದ್ದದ ಒಂದೇ ಪಟ್ಟಿಯಾಗಿ ಎದ್ದು ಬಂತು. ನಾನು ತಿಂಗಳಿಗೊಮ್ಮೆ ಹೊರಗಿನಿಂದ ಬ್ರಷ್ ಆಡಿಸಿ ಸ್ವಚ್ಛ ಮಾಡಿದ್ದೇನೆಂದು ಬೀಗುತ್ತಿದ್ದೆ. ಧೂಳು ಕೂರುವುದು ರೆಕ್ಕೆಗಳ ಒಳಮುಖದಲ್ಲಿ, ಅಲ್ಲಿಗೆ ಯಾವ ಬ್ರಷ್ಷೂ ಮುಟ್ಟದು. 1,800 ರೂಪಾಯಿ ಕೊಟ್ಟು ತಂದ ಕೂಲಿಂಗ್ ಪ್ಯಾಡ್ ಮೂರು ಡಿಗ್ರಿಗಿಂತ ಹೆಚ್ಚು ಇಳಿಸದಿದ್ದುದರ ಗುಟ್ಟೂ ಅಲ್ಲೇ ಸಿಕ್ಕಿತು. ಹೀಟ್‌ಸಿಂಕ್ ಎತ್ತಿದಾಗ, ಪ್ರೊಸೆಸರಿನ ಶಾಖವನ್ನು ಅದಕ್ಕೆ ದಾಟಿಸಲು ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್, ಎಲೆಯಡಿಕೆ ತಟ್ಟೆಯಲ್ಲಿ ಮರೆತುಹೋದ ಸುಣ್ಣದಂತೆ ಒಣಗಿ ಪುಡಿಪುಡಿಯಾಗಿ ಉದುರಿತು.

ಸಾಮಾನ್ಯ ಪೇಸ್ಟ್ ಹಾಕಿದರೆ 900 ರೂಪಾಯಿ, ಪೇಸ್ಟಿನ ಬದಲು ಇಡುವ, ಸುಮಾರು 45 ಡಿಗ್ರಿಯಲ್ಲಿ ಮೃದುವಾಗಿ ಹರಡಿಕೊಳ್ಳುವ ಪಿಟಿಎಂ7950 ಹಾಳೆಯಾದರೆ 1,600 ಎಂದರು. ಪೇಸ್ಟ್ ಕ್ರಮೇಣ ಅಂಚಿಗೆ ಸರಿದುಹೋಗುವ ತೊಂದರೆ ಈ ಹಾಳೆಯಲ್ಲಿ ಕಡಿಮೆ ಎಂದು ನಾನು ಅದನ್ನೇ ಆರಿಸಿದೆ. ಹೀಟ್‌ಸಿಂಕಿನ ಮೇಲೆ ಅಚ್ಚಾಗಿರುವ ಅಂಕಿಗಳ ಕ್ರಮದಲ್ಲಿಯೇ ಒಂದೊಂದು ಸ್ಕ್ರೂವನ್ನೂ ಸ್ವಲ್ಪಸ್ವಲ್ಪವೇ ಬಿಗಿಮಾಡಿದ ಆತನ ತಾಳ್ಮೆಗೆ ನನ್ನ ಮೆಚ್ಚುಗೆಯಿದೆ, ಏಕೆಂದರೆ ಒಂದು ಮೂಲೆಯನ್ನೇ ಮೊದಲು ಬಿಗಿದರೆ ಒತ್ತಡ ಓರೆಯಾಗಿ ಬೀಳುತ್ತದೆ. ಈಗ ಟರ್ಬೊ ಚಾಲೂ ಇದ್ದೂ ಎರಡು ಗಂಟೆಯ ಆಟದಲ್ಲಿ ಪ್ರೊಸೆಸರ್ 86 ಡಿಗ್ರಿಯನ್ನು ದಾಟಿಲ್ಲ; ಎರಡು ತಿಂಗಳಲ್ಲಿ ಒಮ್ಮೆಯೂ ಆರಿಲ್ಲ.

ಕೊರತೆಗಳೂ ಇವೆ. ಸಂಜೆಗೆ ಕೊಡುತ್ತೇವೆಂದವರು ಕೊಟ್ಟದ್ದು ಮೂರನೆಯ ದಿನ. ಮುದ್ರಿತ ಬಿಲ್ಲಿಲ್ಲ, ಕೇಳಿದರೆ ಚೀಟಿಯೊಂದರ ಮೇಲೆ ಮೊತ್ತ ಗೀಚಿಕೊಡುತ್ತಾರೆ. ಒಂದು ತಿಂಗಳ ಗ್ಯಾರಂಟಿಯೂ ಬರೀ ಬಾಯಿಮಾತಿನದು. ಡೇಟಾ ಬ್ಯಾಕಪ್ ಮಾಡಿಕೊಂಡೇ ಹೋಗಿ, ಮತ್ತು ಸಾಧ್ಯವಾದರೆ ಬಿಚ್ಚುವಾಗ ಎದುರಿಗೇ ಕುಳಿತಿರಿ. ಅದಕ್ಕೆ ಅವರು ಬೇಡವೆನ್ನುವುದಿಲ್ಲ. ಮರುಜೋಡಣೆಯ ಹೊತ್ತಿಗೆ ನಾನು ಕಾಫಿಗೆಂದು ಕೆಳಗಿಳಿದಿದ್ದೆ. ತಳದ ಹಿಂಬದಿಯ ಒಂದು ಸ್ಕ್ರೂ ಇಲ್ಲದಿರುವುದು ಮನೆಗೆ ಬಂದ ಮೇಲಷ್ಟೇ ಕಣ್ಣಿಗೆ ಬಿತ್ತು.